ಸೊಂಟ, ರೆಕ್ಕೆ, ಕುಡಿಮೀಸೆ: ಕಣಜ-ಜೇನು-ಇರುವೆಗಳ ಗುರುತಿಗೆ ಐನ್ಯಾಚುರಲಿಸ್ಟ್ ಎಷ್ಟು ನೆರವಾಗುತ್ತದೆ?

ಎರಡು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳಿನಲ್ಲಿ, ನಮ್ಮ ಹಿತ್ತಲಿನ ಮೂಲಂಗಿ ಮಡಿಯ ಎಲೆಗಳೆಲ್ಲ ತೂತುಬಿದ್ದು ಜರಡಿಯಂತಾಗಿದ್ದವು. ಎಲೆಯ ಅಂಚಿನಲ್ಲಿ ಕಪ್ಪು ಮಿಶ್ರಿತ ಹಸಿರು ಬಣ್ಣದ, ಮೈಮೇಲೆ ಸುಕ್ಕುಸುಕ್ಕಾಗಿರುವ ಹುಳುಗಳು ಕುಳಿತು ಮೇಯುತ್ತಿದ್ದವು. ಫೋಟೋ ತೆಗೆದು, ಕ್ಷಣಾರ್ಧದಲ್ಲಿ ಹೆಸರು ಹೇಳುವುದಾಗಿ ಭರವಸೆ ಕೊಡುವ ಒಂದು ಆ್ಯಪ್‌ಗೆ ಹಾಕಿದೆ. ಅದು ಯಾವುದೋ ಪತಂಗದ ಮರಿಹುಳುವಿನ ಹೆಸರನ್ನು ಸ್ವಲ್ಪವೂ ಅನುಮಾನವಿಲ್ಲದೆ ತೋರಿಸಿತು. ಅದನ್ನು ನಂಬಿ, ಮರಿಹುಳುಗಳಿಗೆಂದು ಮಾರುವ ಬಿಟಿ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ತಂದು ಎರಡು ಸಲ ಸಿಂಪಡಿಸಿದೆ. ಹುಳುಗಳಿಗೆ ಏನೂ ಆಗಲಿಲ್ಲ, ಮಡಿ ಅರ್ಧ ಬರಿದಾಯಿತು. ಆಗ ಪಕ್ಕದಲ್ಲಿ ಕಳೆ ಕೀಳುತ್ತಿದ್ದ ಅಮ್ಮ, "ಇದು ಬೇರೆ ಹುಳದ ಹಾಗಲ್ಲ ಮಗಾ, ಮುಟ್ಟಿದ ಕೂಡಲೇ ಸುರುಟಿಕೊಂಡು ಸತ್ತ ಹಾಗೆ ಕೆಳಗೆ ಬೀಳ್ತದೆ ನೋಡು" ಎಂದರು. ಆ ಮಾತನ್ನು ಟಿಪ್ಪಣಿಯಾಗಿ ಸೇರಿಸಿ ಅದೇ ಫೋಟೋವನ್ನು, ಜೀವಿಗಳ ಫೋಟೋ ಹಾಕಿ ಬಲ್ಲವರಿಂದ ಗುರುತು ಕೇಳಬಹುದಾದ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಹಾಕಿದಾಗ ಉತ್ತರದ ಬದಲು ಒಂದು ಪ್ರಶ್ನೆ ಬಂತು: ಪಕ್ಕದಿಂದ, ಹೊಟ್ಟೆಯ ಕೆಳಗಿನ ಕಾಲುಗಳು ಕಾಣುವಂತೆ ತೆಗೆದ ಫೋಟೋ ಇದೆಯೇ?

ಮರುದಿನ ಬೆಳಿಗ್ಗೆ ಎಲೆಯನ್ನು ಬೆಳಕಿಗೆ ಹಿಡಿದು ತೆಗೆದ ಫೋಟೋದಲ್ಲಿ ಕಾಲುಗಳನ್ನು ಎಣಿಸಬಹುದಾಗಿತ್ತು. ಎದೆಯಲ್ಲಿ ಮೂರು ಜೊತೆ ನಿಜವಾದ ಕಾಲುಗಳು, ಅವುಗಳ ಹಿಂದೆ ಎಂಟು ಜೊತೆ ಮೆತ್ತನೆಯ ಹುಸಿಗಾಲುಗಳು. ಚಿಟ್ಟೆ ಮತ್ತು ಪತಂಗಗಳ ಮರಿಹುಳುಗಳಿಗೆ ಐದು ಜೊತೆಗಿಂತ ಹೆಚ್ಚು ಹುಸಿಗಾಲುಗಳಿರುವುದಿಲ್ಲ. ಆರು ಅಥವಾ ಅದಕ್ಕಿಂತ ಹೆಚ್ಚು ಜೊತೆ ಇದ್ದು, ತಲೆಯ ಪ್ರತಿ ಬದಿಯಲ್ಲಿ ಒಂದೊಂದೇ ಕಪ್ಪು ಕಣ್ಣಿನ ಚುಕ್ಕಿ ಇದ್ದರೆ ಅದು ಗರಗಸ ನೊಣದ ಮರಿ. ನಮ್ಮ ಮಡಿಯಲ್ಲಿ ಇದ್ದದ್ದು ಸಾಸಿವೆ ಮತ್ತು ಮೂಲಂಗಿಗೆ ಚಳಿಗಾಲದಲ್ಲಿ ಬೀಳುವ ಸಾಸಿವೆ ಗರಗಸ ನೊಣ, ಅಥಾಲಿಯಾ ಲುಗೆನ್ಸ್. ಹೆಸರಿನಲ್ಲಿ ನೊಣವಿದ್ದರೂ ಅದು ನೊಣವಲ್ಲ. ಜೇನು, ಕಣಜ, ಇರುವೆಗಳ ಜೊತೆಗೆ ಹೈಮೆನಾಪ್ಟೆರಾ ಗಣಕ್ಕೆ ಸೇರಿದ ಕೀಟ. ಹೆಣ್ಣು ತನ್ನ ಗರಗಸದಂತಹ ಅಂಗದಿಂದ ಎಲೆಯ ಅಂಚನ್ನು ಸೀಳಿ ಒಳಗೆ ಮೊಟ್ಟೆಯಿಡುವುದರಿಂದ ಆ ಹೆಸರು ಬಂದಿದೆ. ನಾನು ತಂದಿದ್ದ ಬಿಟಿ ತಳಿ ಚಿಟ್ಟೆ-ಪತಂಗಗಳ ಮರಿಗಳ ಕರುಳಿನಲ್ಲಿ ಮಾತ್ರ ಕೆಲಸ ಮಾಡುವಂಥದ್ದು, ಹಾಗಾಗಿ ಆ ಪುಡಿ ಈ ಹುಳುವಿಗೆ ಏನನ್ನೂ ಮಾಡುವಂತಿರಲಿಲ್ಲ. ಆಮೇಲೆ ಬೆಳಿಗ್ಗೆ ಮತ್ತು ಸಂಜೆ ಸೋಪಿನ ನೀರಿನ ತಟ್ಟೆಯನ್ನು ಎಲೆಯ ಕೆಳಗೆ ಹಿಡಿದು, ಗಿಡವನ್ನು ಮೆಲ್ಲಗೆ ತಟ್ಟಿ ಹುಳುಗಳನ್ನು ಬೀಳಿಸಿದೆವು. ಸತ್ತಂತೆ ನಟಿಸುವ ಅವುಗಳ ಗುಣವೇ ನಮಗೆ ಅನುಕೂಲವಾಯಿತು.

ಸುಮಾರು ಮೂರು ವರ್ಷಗಳಿಂದ ಐನ್ಯಾಚುರಲಿಸ್ಟ್ ಅನ್ನು ಮುಖ್ಯವಾಗಿ ಈ ಒಂದು ಗಣದ ಕೀಟಗಳಿಗಾಗಿಯೇ ಬಳಸುತ್ತಿದ್ದೇನೆ. ಸಾಗರದ ಸಮೀಪದ ಅಡಿಕೆ ತೋಟದ ಮನೆ, ಸಾಧಾರಣ ಮೊಬೈಲು, ಅದರ ಕ್ಯಾಮೆರಾಕ್ಕೆ ಸಿಕ್ಕಿಸುವ ಚಿಕ್ಕ ಮ್ಯಾಕ್ರೋ ಲೆನ್ಸು: ನನ್ನ ಸಾಮಗ್ರಿ ಇಷ್ಟೇ. ಪಕ್ಷಿಗಳಿಗೋ ಚಿಟ್ಟೆಗಳಿಗೋ ಈ ಸೇವೆಯನ್ನು ಬಳಸುವವರ ಅನುಭವ ಬೇರೆ ಇರಬಹುದು. ಕಣಜ, ಜೇನು, ಇರುವೆಗಳ ವಿಷಯದಲ್ಲಿ ಹವ್ಯಾಸಿಯ ಫೋಟೋಕ್ಕೆ ಇದು ಎಷ್ಟು ನ್ಯಾಯ ಒದಗಿಸುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಐನ್ಯಾಚುರಲಿಸ್ಟ್ 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕ್ಯಾಂಪಸ್ಸಿನಲ್ಲಿ ಮೂವರು ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಶುರುವಾಯಿತು. ನಂತರ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಮತ್ತು ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಗಳ ಆಶ್ರಯದಲ್ಲಿ ಬೆಳೆದು, 2023ರಲ್ಲಿ ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯಾಯಿತು. ಬಳಕೆಗೆ ಹಣ ಕೊಡಬೇಕಿಲ್ಲ, ಜಾಹೀರಾತುಗಳ ಕಾಟವಿಲ್ಲ. ಫೋಟೋ, ದಿನಾಂಕ, ಜಾಗ ಈ ಮೂರನ್ನು ಕೊಟ್ಟರೆ ಮೊದಲು ಯಂತ್ರ ತನ್ನ ಊಹೆಯನ್ನು ಮುಂದಿಡುತ್ತದೆ, ಆಮೇಲೆ ಜಗತ್ತಿನ ಯಾವುದೋ ಮೂಲೆಯಲ್ಲಿರುವ ಬಲ್ಲವರು ಬಿಡುವಿದ್ದಾಗ ಬಂದು ತಮ್ಮ ಅಭಿಪ್ರಾಯ ಬರೆಯುತ್ತಾರೆ. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಉತ್ತರ ಹತ್ತು ನಿಮಿಷದಲ್ಲಿ ಬರಬಹುದು, ಹತ್ತು ತಿಂಗಳಾದರೂ ಬರದೆ ಇರಬಹುದು.

ಯಂತ್ರದ ಊಹೆಯನ್ನು ಹೇಗೆ ಓದಬೇಕು ಎಂಬುದು ತಿಳಿಯದಿದ್ದರೆ ಈ ಸೇವೆಯಿಂದ ಲಾಭಕ್ಕಿಂತ ಗೊಂದಲವೇ ಹೆಚ್ಚು. ಅದು ಕಲಿತಿರುವುದು ಬಳಕೆದಾರರು ಹಾಕಿದ ಫೋಟೋಗಳಿಂದಲೇ. ಒಂದು ಪ್ರಭೇದದ ಫೋಟೋಗಳು ಸುಮಾರು ನೂರರಷ್ಟಾದರೂ ಸೇರದಿದ್ದರೆ ಅದರ ಹೆಸರು ಯಂತ್ರಕ್ಕೆ ಗೊತ್ತೇ ಇರುವುದಿಲ್ಲ. ಯುರೋಪು ಮತ್ತು ಅಮೆರಿಕದ ತೋಟಗಳಲ್ಲಿ ಹಾರುವ ಜೇನುಗಳ ಫೋಟೋಗಳು ಬೇಕಾದಷ್ಟಿವೆ. ಪಶ್ಚಿಮ ಘಟ್ಟದ ಮಳೆಕಾಡಿನ ಕಣಜಗಳಿಗೆ ಆ ಭಾಗ್ಯವಿಲ್ಲ. ಹತ್ತಿರದಲ್ಲಿ ಕಂಡುಬರುವ ನಿರೀಕ್ಷೆಯಿರುವ ಪ್ರಭೇದಗಳನ್ನಷ್ಟೇ ತೋರಿಸು ಎಂಬ ಆಯ್ಕೆ ಅದರಲ್ಲಿದೆ, ಅದನ್ನು ತೆಗೆದುಹಾಕದಿರುವುದು ಒಳ್ಳೆಯದು. ಪಟ್ಟಿಯ ಮೇಲ್ಭಾಗದಲ್ಲಿ ಅದು ಒಂದು ಕುಲದ ಅಥವಾ ಕುಟುಂಬದ ಹೆಸರನ್ನು ತಾನು ಸಾಕಷ್ಟು ಖಚಿತವಾಗಿ ಹೇಳಬಲ್ಲೆ ಎಂದು ಬೇರೆಯಾಗಿ ತೋರಿಸುತ್ತದೆ. ನನ್ನ ಅನುಭವದಲ್ಲಿ ಆ ಸಾಲನ್ನು ಬಹುಮಟ್ಟಿಗೆ ನಂಬಬಹುದು. ಅದರ ಕೆಳಗಿನ ಪ್ರಭೇದಗಳ ಹೆಸರುಗಳನ್ನು ಹೋಲಿಸಿ ನೋಡಲು ಸಿಕ್ಕ ಸುಳಿವುಗಳೆಂದಷ್ಟೇ ತಿಳಿಯಬೇಕು. ಹೊಸಬರು ಎಡವುವುದು ಇಲ್ಲಿಯೇ: ಪಟ್ಟಿಯಲ್ಲಿ ಸುಂದರವಾದ ಒಂದು ಹೆಸರು ಕಂಡ ಕೂಡಲೇ ಬೆರಳು ಅದರ ಮೇಲೆ ಹೋಗಿಬಿಡುತ್ತದೆ.

ಜೇನುಗಳ ಉದಾಹರಣೆಯನ್ನೇ ನೋಡೋಣ. ಹೆಜ್ಜೇನು, ಕೋಲುಜೇನು ಇವೆರಡನ್ನೂ ಸಾಧಾರಣ ಫೋಟೋದಲ್ಲಿಯೇ ಗುರುತಿಸಬಹುದು, ಗೂಡು ಕಂಡರಂತೂ ಮಾತೇ ಇಲ್ಲ. ಆದರೆ ತುಡುವೆ ಜೇನು ಮತ್ತು ಪೆಟ್ಟಿಗೆಯಲ್ಲಿ ಸಾಕಲು ಹೊರಗಿನಿಂದ ತಂದ ಮೆಲ್ಲಿಫೆರಾ ಜೇನು ಒಂದೇ ಹೂವಿನ ಮೇಲೆ ಕುಳಿತಾಗ ಬಣ್ಣವನ್ನು ನೋಡಿ ತೀರ್ಮಾನಿಸುವುದು ಸುಲಭವಲ್ಲ, ಏಕೆಂದರೆ ಎರಡರಲ್ಲೂ ಬಣ್ಣ ಬಹಳ ವ್ಯತ್ಯಾಸವಾಗುತ್ತದೆ. ಗುರುತು ಹೇಳುವವರೊಬ್ಬರು ನನ್ನ ಒಂದು ಫೋಟೋದ ಕೆಳಗೆ ಹಿಂರೆಕ್ಕೆಯನ್ನು ದೊಡ್ಡದು ಮಾಡಿ ನೋಡುವಂತೆ ಬರೆದಿದ್ದರು. ತುಡುವೆಯ ಹಿಂರೆಕ್ಕೆಯಲ್ಲಿ ಒಂದು ನರ ಅಡ್ಡನರವನ್ನು ದಾಟಿ ರೆಕ್ಕೆಯ ಅಂಚಿನ ಕಡೆಗೆ ಚಿಕ್ಕದಾಗಿ ಮುಂದುವರಿಯುತ್ತದೆ, ಮೆಲ್ಲಿಫೆರಾದಲ್ಲಿ ಆ ತುಂಡು ಇರುವುದಿಲ್ಲ. ಕೂದಲೆಳೆಗಿಂತ ಸಪೂರವಾದ ಆ ಗೆರೆಯನ್ನು ಮೊಬೈಲಿನ ಫೋಟೋದಲ್ಲಿ ಮೊದಲ ಸಲ ಕಂಡ ದಿನ ನನಗಾದ ಸಂತೋಷ ದೊಡ್ಡದು. ಅಲ್ಲಿಯವರೆಗೆ ಜೇನಿನ ಮುಖವನ್ನೇ ಗುರಿಯಿಟ್ಟು ತೆಗೆಯುತ್ತಿದ್ದೆ, ಅಂದಿನಿಂದ ರೆಕ್ಕೆ ಬಿಚ್ಚಿಕೊಳ್ಳುವ ಕ್ಷಣಕ್ಕಾಗಿ ಕಾಯುವುದನ್ನು ಕಲಿತೆ.

ಮುಜಂಟಿಯ ವಿಷಯದಲ್ಲಿ ಮಾತ್ರ ಫೋಟೋ ಎಷ್ಟು ಚೆನ್ನಾಗಿದ್ದರೂ ಸಾಲದು. ಗೋಡೆಯ ಬಿರುಕಿನಲ್ಲಿ ಮೇಣದ ಕೊಳವೆ ಕಟ್ಟಿಕೊಂಡು ಬದುಕುವ ಈ ಕುಟುಕದ ಪುಟ್ಟ ಜೇನುಗಳು ಟೆಟ್ರಗೊನುಲ ಕುಲಕ್ಕೆ ಸೇರಿದವು ಎನ್ನುವವರೆಗೆ ಯಾವ ತೊಂದರೆಯೂ ಇಲ್ಲ. ಪ್ರಭೇದವನ್ನು ಖಚಿತಪಡಿಸಲು ಗಂಡಿನ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಡಿ ನೋಡಬೇಕಾಗುತ್ತದೆ. ನೀಲಿ ಪಟ್ಟೆಯ ಜೇನು ಅಮೆಗಿಲ್ಲಾದ ಕಥೆಯೂ ಇಂಥದ್ದೇ. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳನ್ನು ಕಂಡು ಕುಲವನ್ನು ಮಗುವೂ ಹೇಳಬಲ್ಲದು, ಪ್ರಭೇದವನ್ನು ಫೋಟೋ ನೋಡಿ ಹೇಳಲು ತಜ್ಞರೂ ಹಿಂಜರಿಯುತ್ತಾರೆ. ಅದೇ ಬಣ್ಣದ್ದಾದರೂ ಪಟ್ಟೆಗಳ ಬದಲು ಬಿಡಿಬಿಡಿಯಾದ ನೀಲಿ ಮಚ್ಚೆಗಳಿರುವ ಜೇನು ಸಿಕ್ಕರೆ ಅದು ಥೈರಿಯಸ್, ತಾನು ಗೂಡು ಕಟ್ಟದೆ ಅಮೆಗಿಲ್ಲಾದಂತಹ ಜೇನುಗಳ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆ ಜೇನು. ಅಮೆಗಿಲ್ಲಾದ ಒಳ್ಳೆಯ ಫೋಟೋ ಬೇಕಿದ್ದರೆ ಹಗಲಿನಲ್ಲಿ ಹೂವಿನ ಹಿಂದೆ ಓಡುವುದು ವ್ಯರ್ಥ. ಸಂಜೆಯಾದ ಮೇಲೆ ಗಂಡುಗಳು ಒಣಗಿದ ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಸಾಲಾಗಿ ನಿದ್ರಿಸುತ್ತವೆ. ಆಗ ನಿಧಾನವಾಗಿ ಹತ್ತಿರ ಹೋದರೆ ಕುಡಿಮೀಸೆಯಿಂದ ಹಿಂಗಾಲಿನವರೆಗೆ ಎಲ್ಲವೂ ಸಿಗುತ್ತದೆ.

ಜೇನೆಂದು ತಿಳಿದು ತೆಗೆದ ಫೋಟೋಗಳಲ್ಲಿ ಎಷ್ಟೋ ಜೇನಲ್ಲ. ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹಳದಿ-ಕಪ್ಪು ಪಟ್ಟೆಯ ನೊಣಗಳಿಗೆ ಎರಡೇ ರೆಕ್ಕೆ, ಕಾಣದಷ್ಟು ಗಿಡ್ಡ ಕುಡಿಮೀಸೆ, ತಲೆ ತುಂಬ ಕಣ್ಣು. ಜೇನಿಗೂ ಕಣಜಕ್ಕೂ ನಾಲ್ಕು ರೆಕ್ಕೆ. ಹಿಂರೆಕ್ಕೆ ಮುಂರೆಕ್ಕೆಗೆ ಕೊಕ್ಕೆ ಹಾಕಿಕೊಂಡಿರುವುದರಿಂದ ಎಣಿಸುವುದು ಕಷ್ಟವಾದರೂ ಕುಡಿಮೀಸೆ ಮೋಸ ಮಾಡುವುದಿಲ್ಲ. ಈ ಒಂದು ಭೇದವನ್ನು ಯಂತ್ರ ಚೆನ್ನಾಗಿ ಹಿಡಿಯುತ್ತದೆ ಎಂಬುದನ್ನು ಮೆಚ್ಚಿ ಹೇಳಬೇಕು.

ಕಣಜಗಳ ಗುರುತು ಕೇವಲ ಕುತೂಹಲದ ಮಾತಲ್ಲ, ಮನೆಯ ಸುರಕ್ಷತೆಯ ಮಾತೂ ಹೌದು. ಸೂರಿನಲ್ಲಿ ಕಣಜ ಕಂಡರೆ ಬೆಂಕಿ ಹಿಡಿಯುವುದು ನಮ್ಮ ಕಡೆಯ ರೂಢಿ. ಕಪ್ಪು ಮೈ, ಹೊಟ್ಟೆಯ ಮುಂಭಾಗದಲ್ಲಿ ಅಗಲವಾದ ಒಂದೇ ಹಳದಿ ಪಟ್ಟಿ, ದಪ್ಪ ಸೊಂಟ ಇದ್ದರೆ ಅದು ವೆಸ್ಪಾ ಟ್ರಾಪಿಕಾದಂತಹ ದೊಡ್ಡ ಕಣಜ. ಗೂಡಿನ ಹತ್ತಿರ ಹೋದವರನ್ನು ಗುಂಪಾಗಿ ಕುಟುಕಬಲ್ಲದು, ಅದರಿಂದ ದೂರವಿರಬೇಕು. ಅದೇ ಕಪ್ಪು-ಹಳದಿಯ ಬಣ್ಣವಿದ್ದು, ಸೊಂಟ ದಾರದಂತೆ ಉದ್ದವಾಗಿ ಎಳೆದುಕೊಂಡಿದ್ದರೆ ಅದು ಕುಂಬಾರ ಕಣಜಗಳಲ್ಲಿ ಒಂದು. ಒಂಟಿಯಾಗಿ ಬದುಕಿ, ಮಣ್ಣಿನ ಪುಟ್ಟ ಕುಡಿಕೆ ಕಟ್ಟಿ, ಅದರೊಳಗೆ ಮರಿಹುಳುಗಳನ್ನು ತುಂಬಿ ತನ್ನ ಮರಿಗೆ ಆಹಾರ ಇಡುತ್ತದೆ, ಯಾರ ತಂಟೆಗೂ ಬರುವುದಿಲ್ಲ. ಬದುಕಿನ ರೀತಿಯಲ್ಲಿ ಇಷ್ಟೊಂದು ಅಂತರವಿರುವ ಎರಡು ಕೀಟಗಳನ್ನು ಬೇರೆ ಮಾಡುವುದು ಸೊಂಟದ ಒಂದು ಗೆರೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಆ ಗೆರೆ ರೆಕ್ಕೆಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಪಕ್ಕದಿಂದ ತೆಗೆದರೆ ಎದ್ದು ಕಾಣುತ್ತದೆ.

ನಮ್ಮ ಕೊಟ್ಟಿಗೆಯ ಮಾಡಿನಲ್ಲಿ ಕಾಗದದಂತಹ ಗೂಡು ಕಟ್ಟಿದ್ದ ಕೆಂಗಂದು ಬಣ್ಣದ ಸಣ್ಣ ಕಣಜಗಳನ್ನು ನಾನು ಮೊದಲು ಪಾಲಿಸ್ಟಿಸ್ ಎಂದು ಗುರುತಿಸಿದ್ದೆ. ಯಾರೋ ತಿದ್ದಿ ರೊಪಾಲಿಡಿಯಾ ಎಂದು ಬರೆದರು, ಕಾರಣವನ್ನೂ ಕೊಟ್ಟರು: ಪಾಲಿಸ್ಟಿಸ್‌ನ ಹೊಟ್ಟೆಯ ಮೊದಲ ಭಾಗ ಆಲಿಕೆಯಂತೆ ಕ್ರಮೇಣ ಅಗಲವಾಗುತ್ತದೆ, ರೊಪಾಲಿಡಿಯಾದಲ್ಲಿ ಅದು ಸಣ್ಣ ತೊಟ್ಟಿನಂತಿದ್ದು ಮುಂದಿನ ಭಾಗ ಗುಂಡಗೆ ಉಬ್ಬಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ ರೊಪಾಲಿಡಿಯಾ ಮಾರ್ಜಿನೇಟಾ ಇದೇ ಕುಲದ್ದು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕಿಯಿಟ್ಟು, ಯಾರು ರಾಣಿ, ಯಾರು ಮುಂದಿನ ರಾಣಿ ಎಂದು ಅಲ್ಲಿ ಗಮನಿಸಿದ ಜೀವಿ ನಮ್ಮ ಕೊಟ್ಟಿಗೆಯಲ್ಲೂ ಇದ್ದೀತು ಎಂದು ತಿಳಿದ ಮೇಲೆ ಆ ಗೂಡಿಗೆ ಬೆಂಕಿ ಹಿಡಿಯುವ ಮಾತನ್ನು ಮನೆಯಲ್ಲಿ ಯಾರೂ ಎತ್ತಿಲ್ಲ. ಹಸು ಕಟ್ಟುವ ಜಾಗವನ್ನೇ ಎರಡು ಮಾರು ಆಚೆಗೆ ಸರಿಸಿದೆವು.

ಇರುವೆಗಳು ನನ್ನ ತಾಳ್ಮೆಯನ್ನು ಪರೀಕ್ಷಿಸಿದ ಗುಂಪು. ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆ ಚಗಳಿಯನ್ನು ಗುರುತಿಸಲು ಮಲೆನಾಡಿನವರಿಗೆ ಯಂತ್ರ ಬೇಕಿಲ್ಲ, ದೊಡ್ಡ ಕಪ್ಪಿರುವೆ ಗೊದ್ದವನ್ನೂ ಎಲ್ಲರೂ ಬಲ್ಲರು. ಉಳಿದವುಗಳಲ್ಲಿ ಮೊದಲು ನೋಡಬೇಕಾದದ್ದು ಸೊಂಟದ ಗೆಣ್ಣು. ಎದೆಗೂ ಹೊಟ್ಟೆಗೂ ನಡುವೆ ಒಂದೇ ಗೆಣ್ಣಿದ್ದರೆ ಗೊದ್ದ, ಚಗಳಿಗಳಂಥ ಗುಂಪು. ಎರಡಿದ್ದರೆ ಬೇರೆ ಉಪಕುಟುಂಬ. ಎರಡು ಗೆಣ್ಣಿದ್ದು, ಹೊಟ್ಟೆ ಹೃದಯದ ಆಕಾರದಲ್ಲಿದ್ದು, ಕೆಣಕಿದಾಗ ಅದನ್ನು ತಲೆಯ ಮೇಲಕ್ಕೆ ಎತ್ತಿದರೆ ಅದು ಕ್ರೆಮಟೊಗ್ಯಾಸ್ಟರ್, ಮರದ ಕೊಂಬೆಗಳಲ್ಲಿ ಕಪ್ಪು ರೊಟ್ಟಿನ ಗೂಡು ಕಟ್ಟುವ ಇರುವೆ. ಕ್ಯಾಲಿಫೋರ್ನಿಯಾ ಅಕಾಡೆಮಿಯ ಆ್ಯಂಟ್‌ವೆಬ್ ಎಂಬ ಇರುವೆಗಳ ಭಂಡಾರದಲ್ಲಿ ಪ್ರತಿ ಮಾದರಿಯನ್ನೂ ಎದುರಿನಿಂದ ತಲೆ, ಪಕ್ಕದಿಂದ ಇಡೀ ಮೈ, ಮೇಲಿನಿಂದ ಬೆನ್ನು ಎಂದು ಮೂರು ಕೋನಗಳಲ್ಲಿ ಚಿತ್ರಿಸಿರುತ್ತಾರೆ. ಹವ್ಯಾಸಿಗಳೂ ಈ ಮೂರನ್ನೇ ಗುರಿಯಾಗಿಟ್ಟುಕೊಂಡರೆ ಗುರುತು ಹೇಳುವವರ ಅರ್ಧ ಕೆಲಸ ಮುಗಿಯುತ್ತದೆ. ಓಡುವ ಇರುವೆಯಿಂದ ಇವು ಮೂರೂ ಸಿಗಲು ಒಂದು ಹನಿ ಬೆಲ್ಲದ ಪಾಕವನ್ನು ಬಿಳಿ ತಟ್ಟೆಯ ಮೇಲೆ ಇಡುವುದು ನಾನು ಕಂಡುಕೊಂಡ ದಾರಿ.

ಚಗಳಿಯ ಸಾಲಿನ ಪಕ್ಕದಲ್ಲಿ ತೆಗೆದ ಒಂದು ಫೋಟೋದ ವಿಷಯ ಹೇಳಲೇಬೇಕು. ಅದೇ ಕೆಂಪು, ಅದೇ ನಡಿಗೆ, ಮುಂದಿನ ಜೊತೆ ಕಾಲುಗಳನ್ನು ಕುಡಿಮೀಸೆಯಂತೆ ಎತ್ತಿ ಆಡಿಸುತ್ತಿತ್ತು. ಯಂತ್ರ ಮೊದಲ ಸಾಲಿನಲ್ಲೇ ಜಿಗಿಯುವ ಜೇಡವನ್ನು ತೋರಿಸಿದಾಗ ನಾನು ನಂಬಲಿಲ್ಲ. ದೊಡ್ಡದು ಮಾಡಿ ಎಣಿಸಿದೆ, ಎಂಟು ಕಾಲುಗಳಿದ್ದವು. ಚಗಳಿಯ ವೇಷದಲ್ಲಿ ಬದುಕುವ ಆ ಜೇಡ ನಮ್ಮ ಮಾವಿನ ಮರದಲ್ಲಿ ಎಷ್ಟು ವರ್ಷಗಳಿಂದ ಇತ್ತೋ, ನಾವು ಯಾರೂ ಅದನ್ನು ಕಂಡಿರಲಿಲ್ಲ.

ಈಗ ಕೊರತೆಗಳ ಮಾತು. ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಜನ ಒಂದೇ ಪ್ರಭೇದವನ್ನು ಒಪ್ಪಿದರೆ ದಾಖಲೆ "ರಿಸರ್ಚ್ ಗ್ರೇಡ್", ಅಂದರೆ ಸಂಶೋಧನೆಗೆ ಬಳಸಬಹುದಾದ ದರ್ಜೆಯದು, ಆಗುತ್ತದೆ. ಲೆಕ್ಕದಲ್ಲಿ ಹೇಳಬೇಕೆಂದರೆ ಇಬ್ಬರು ಸಾಕು. ಹಕ್ಕಿಯ ವಿಷಯದಲ್ಲಿ ಇಬ್ಬರ ಒಪ್ಪಿಗೆ ಸಾಕಾಗಬಹುದು, ಕಣಜಗಳ ವಿಷಯದಲ್ಲಿ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಂತ್ರದ ಊಹೆಯನ್ನು ಒಬ್ಬರು ಒತ್ತಿ, ಇನ್ನೊಬ್ಬರು ಕೃತಜ್ಞತೆಯಿಂದ "ಒಪ್ಪುತ್ತೇನೆ" ಎಂದು ಒತ್ತಿದರೆ ತಪ್ಪು ಹೆಸರಿಗೂ ಆ ಮುದ್ರೆ ಬೀಳುತ್ತದೆ, ಸೂಕ್ತ ಪರವಾನಗಿಯಿದ್ದರೆ ಅದು ಜಿಬಿಐಎಫ್ ಎಂಬ ಜಾಗತಿಕ ದತ್ತಾಂಶ ಭಂಡಾರಕ್ಕೂ ಸೇರುತ್ತದೆ. ನಮಗೆ ಗೊತ್ತಿಲ್ಲದ್ದನ್ನು ಬೇರೆಯವರು ಹೇಳಿದಾಗ ಧನ್ಯವಾದವನ್ನು ಟಿಪ್ಪಣಿಯಲ್ಲಿ ಬರೆಯಬೇಕು, ಒಪ್ಪಿಗೆಯ ಗುಂಡಿಯನ್ನು ನಮ್ಮ ಕಣ್ಣಿಗೆ ಆ ಲಕ್ಷಣ ಕಂಡಾಗ ಮಾತ್ರ ಒತ್ತಬೇಕು. ಇದಕ್ಕಿಂತ ಮುಂದೆ ಗುರುತಿಸಲು ಫೋಟೋದಿಂದ ಸಾಧ್ಯವಿಲ್ಲ ಎಂದು ದಾಖಲಿಸುವ ಸೌಕರ್ಯವೂ ಅಲ್ಲಿದೆ. ಅದನ್ನು ಬಳಸಿ ಕುಲದ ಹಂತದಲ್ಲೇ ದಾಖಲೆಯನ್ನು ಪೂರ್ಣಗೊಳಿಸಬಹುದು. ಈ ಸೇವೆಯಲ್ಲಿ ನಾನು ಅತಿಯಾಗಿ ಗೌರವಿಸುವ ಗುಣ ಇದೇ.

ಮನೆಯ ಅಂಗಳದ ಫೋಟೋ ಹಾಕುವವರು ಜಾಗದ ವಿವರವನ್ನು ಮಸುಕಾಗಿಸುವ ಆಯ್ಕೆಯನ್ನು ಬಳಸಬಹುದು, ಆಗ ಸುಮಾರು 22 ಕಿಲೋಮೀಟರ್ ಬದಿಯ ಚೌಕದೊಳಗೆ ಎಲ್ಲೋ ಒಂದು ಕಡೆ ಎಂದಷ್ಟೇ ಉಳಿದವರಿಗೆ ಕಾಣುತ್ತದೆ. ಮಕ್ಕಳಿಗಾದರೆ ಖಾತೆಯೇ ಬೇಡದ ಸೀಕ್ ಎಂಬ ಇದರ ಸೋದರ ಆ್ಯಪ್ ಸೂಕ್ತ. ಕೀಟಗಳ ಕನ್ನಡ ಹೆಸರುಗಳನ್ನು ನಾವೇ ಸೇರಿಸಲು ಅವಕಾಶವಿದೆ. ನಮ್ಮ ಹಳ್ಳಿಗಳ ಹಿರಿಯರ ಬಾಯಲ್ಲಿರುವ ಹೆಸರುಗಳು ಊರಿಂದ ಊರಿಗೆ ಬದಲಾಗುವುದರಿಂದ, ಹೆಸರಿನ ಜೊತೆಗೆ ಯಾವ ಕಡೆಯ ಬಳಕೆ ಎಂದು ಟಿಪ್ಪಣಿಯಲ್ಲಿ ತಿಳಿಸುವುದು ಒಳ್ಳೆಯದು.

ಬೆಳೆಗೆ ಹಾನಿ ಮಾಡುತ್ತಿರುವ ಕೀಟದ ಗುರುತು ತುರ್ತಾಗಿ ಬೇಕಿದ್ದರೆ ಇದನ್ನೇ ನೆಚ್ಚಿ ಕೂರಬಾರದು, ಕೃಷಿ ವಿಜ್ಞಾನ ಕೇಂದ್ರಕ್ಕೆ ಹುಳುವನ್ನೇ ಒಯ್ದು ತೋರಿಸಬೇಕು. ಇನ್ನು ಪ್ರಭೇದದ ಹೆಸರೇ ಬೇಕೆಂದು ಹಟವಿದ್ದರೆ ಫೋಟೋ ಬಿಟ್ಟು ಮಾದರಿಯ ಕಡೆಗೆ ಹೋಗಬೇಕಾಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂತಹ ಸಂಸ್ಥೆಗಳಲ್ಲಿ ಪರಾವಲಂಬಿ ಕಣಜಗಳ ವರ್ಗೀಕರಣ ನಡೆಯುವುದು ಪಿನ್ನಿಗೆ ಚುಚ್ಚಿದ, ಸ್ಲೈಡಿಗೆ ಏರಿಸಿದ ಕೀಟಗಳ ಮೇಲೆಯೇ.

ಕಳೆದ ಮಳೆಗಾಲದಲ್ಲಿ ಜಗುಲಿಯ ದೀಪಕ್ಕೆ ಬಂದ ಒಂದು ಕಣಜದ ಫೋಟೋ ನನ್ನ ಖಾತೆಯಲ್ಲಿದೆ. ಕಿತ್ತಳೆ ಬಣ್ಣದ ಮೈ, ಮೈಗಿಂತ ಉದ್ದವಾದ ಕುಡಿಮೀಸೆ, ಪಕ್ಕದಿಂದ ಚಪ್ಪಟೆಯಾಗಿ ಕುಡುಗೋಲಿನಂತೆ ಬಾಗಿದ ಹೊಟ್ಟೆ. ಗೋಡೆಯ ಮೇಲೆ ರೆಕ್ಕೆ ಹರಡಿ ಕುಳಿತಿದ್ದರಿಂದ ಮುಂರೆಕ್ಕೆಯ ಎರಡನೆಯ ಅಡ್ಡನರ ಸ್ಪಷ್ಟವಾಗಿ ಮೂಡಿತ್ತು. ಅದನ್ನು ನೋಡಿ ಒಬ್ಬರು, ಪರಾವಲಂಬಿ ಕಣಜಗಳ ಎರಡು ಹತ್ತಿರದ ಕುಟುಂಬಗಳಲ್ಲಿ ಇದು ಬ್ರಾಕೊನಿಡೇ ಅಲ್ಲ, ಇಕ್ನ್ಯುಮೊನಿಡೇ ಎಂದು ಬರೆದು, ಮುಂದಕ್ಕೆ ಹೋಗಲು ರೆಕ್ಕೆಯ ಇನ್ನೂ ಹತ್ತಿರದ ಚಿತ್ರ ಬೇಕೆಂದು ಸೇರಿಸಿದ್ದಾರೆ. ದಾಖಲೆ ಅಲ್ಲೇ ನಿಂತಿದೆ. ಈ ಬಾರಿ ಜೂನ್ ಬರುವ ಮೊದಲೇ ದೀಪದ ಕೆಳಗೆ ಬಿಳಿ ಪಂಚೆಯೊಂದನ್ನು ಕಟ್ಟಿದ್ದೇನೆ.